ಗೇರಕ್ಕನ ಗುಡ್ಡದ ಬಸ್ಸು

ದಿನವಿಡೀ ಗೇರ್ ಬದಲಿಸುವ ನಮ್ಮ ಬಸ್ಸಿನ ಡ್ರೈವರಮ್ಮನಿಗೆ ಜನ ಇಟ್ಟ ಹೆಸರು ಗೇರಕ್ಕ. ನಾನು ಅವಳ ಕಂಡಕ್ಟರ್. ನಮ್ಮ ಬಡಾವಣೆ ನೋಡಬೇಕೆನ್ನುವವರು ಬೇರೆಲ್ಲೂ ಅಲೆಯಬೇಕಿಲ್ಲ, ಅವಳ ಬಸ್ಸು ಹತ್ತಿದರೆ ಸಾಕು. ಕೆಳಗೆ ಕಾಲೇಜುಗಳು, ನಡುವೆ ನಾಟಕಶಾಲೆ, ಸಂಗೀತಶಾಲೆ, ಮೇಲೆ ಮನೆಗಳು ತುಂಬಿದ ಗುಡ್ಡ. ಕಾಲೇಜಿನ ಬಳಿ ಪುಸ್ತಕದ ಚೀಲಗಳು ಹತ್ತುತ್ತವೆ, ನಾಟಕಶಾಲೆಯ ಬಳಿ ಮುಖದ ಬಣ್ಣ ಅರ್ಧ ಒರೆಸಿಕೊಂಡ ರಾಜರು. ಒಬ್ಬ ರಾಜ ಚಿಲ್ಲರೆ ಇಲ್ಲವೆಂದಾಗ, "ಕಿರೀಟ ಅಡ ಇಟ್ಟು ಹೋಗಪ್ಪ" ಎಂದಿದ್ದಳು ಗೇರಕ್ಕ.

ಗುಡ್ಡದ ಮೊದಲ ತಿರುವು ಮಾತ್ರ ಗೋಡೆ ನಿಲ್ಲಿಸಿದಂತಿದೆ. ತುಂಬಿದ ಬಸ್ಸು ಅಲ್ಲಿ ಏರದು, ಅದಕ್ಕೂ ವಯಸ್ಸಾಗಿದೆ. ಹಾಗಾಗಿ ಯಾರೂ ಹೇಳದೆಯೇ ಎಲ್ಲರೂ ಇಳಿದು, ಪಕ್ಕದ ಮೆಟ್ಟಿಲು ಹತ್ತಿ, ಮೇಲೆ ಮತ್ತೆ ಬಸ್ಸು ಸೇರುತ್ತಾರೆ. ಒಳಗೆ ಉಳಿಯುವುದು ಮಂಡಿನೋವಿನ ಅಜ್ಜಿಯೊಬ್ಬರೇ.

ಹೀಗಿರುವಾಗ, ಗುಡ್ಡಕ್ಕೆ ಹೋಗುವವರೇ ಇಲ್ಲ, ಬಸ್ಸನ್ನು ನಾಟಕಶಾಲೆಗೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂತು. ಗೇರಕ್ಕನ ಮನೆ ಇರುವುದೇ ಗುಡ್ಡದ ಮೇಲೆ. ಮಗಳು ಕಾಲೇಜಿಗೆ ಬಂದುಹೋಗುವುದೂ ಇದೇ ಬಸ್ಸಿನಲ್ಲಿ. ಗೇರಕ್ಕನ ಬುತ್ತಿ ಬಿಚ್ಚದೆಯೇ ಮನೆಗೆ ವಾಪಸಾಗತೊಡಗಿತು.

ಬಸ್ಸಿಗೆ ಜನ ಇದ್ದಾರೋ ಇಲ್ಲವೋ ನೋಡಲು ಬಂದ ಸಾರಿಗೆ ಸಾಹೇಬರು ನಿಂತದ್ದಾದರೂ ಎಲ್ಲಿ? ಆ ತಿರುವಿನ ಮೇಲ್ತುದಿಯಲ್ಲಿ! ಬಸ್ಸು ಹತ್ತಿ ಒಳಗೆ ಕಣ್ಣಾಡಿಸಿ, ಸೀಟಿನಲ್ಲಿ ಕೂತರು.

"ಒಬ್ಬ ಅಜ್ಜಿಗೋಸ್ಕರ ಇಷ್ಟು ದೊಡ್ಡ ಗಾಡೀನಾ?"

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಏನಾದರೂ ಅನ್ನುವಷ್ಟರಲ್ಲಿ ಗೇರಕ್ಕ ಹ್ಯಾಂಡ್ ಬ್ರೇಕ್ ಎಳೆದು ನನ್ನತ್ತ ತಿರುಗಿದಳು.

"ತಮ್ಮಾ, ಬಾಯಿ ಮುಚ್ಕೊಂಡು ಬಾಗಿಲು ತೆಗಿ."

ಮೆಟ್ಟಿಲ ಕಡೆಯಿಂದ ಮೊದಲು ನಗು ಕೇಳಿಸಿತು, ಆಮೇಲೆ ಏದುಸಿರು. ಪಿಟೀಲು ಮೇಷ್ಟ್ರು, ಹುಡುಗಿಯರ ಹಿಂಡು, ಒಬ್ಬ ಮಂತ್ರಿ, ಇಬ್ಬರು ಸೈನಿಕರು, ಕಾಲೇಜಿನ ಲೆಕ್ಕದ ಮೇಡಂ ಒಬ್ಬೊಬ್ಬರಾಗಿ ನುಗ್ಗಿದರು. ಬಸ್ಸು ಕಿಕ್ಕಿರಿಯಿತು. ಅಜ್ಜಿ ಸಾಹೇಬರ ಭುಜ ತಟ್ಟಿದರು.

"ಏಳಪ್ಪ, ಮೇಷ್ಟ್ರು ಕೂತ್ಕೊಳ್ಳಲಿ. ನಿಂಗಿನ್ನೂ ಗಟ್ಟಿ ಕಾಲಿದೆ."

ಸಾಹೇಬರು ಕಂಬಿ ಹಿಡಿದು ನಿಂತೇ ಗುಡ್ಡ ಕಂಡರು. ಇಳಿಯುವಾಗ, ಇವರೆಲ್ಲ ದಿನಾ ಹೀಗೇ ನಡೀತಾರಾ ಎಂದು ಮೆಲ್ಲಗೆ ಕೇಳಿದರು. ಮಳೆ ಬಂದರೆ ಕೊಡೆ ಹಿಡ್ಕೊಂಡು ನಡೀತಾರೆ ಸರ್ ಎಂದಳು ಗೇರಕ್ಕ.

ಗುಡ್ಡದ ಬಸ್ಸು ಉಳಿಯಿತು. ಅಷ್ಟೇ ಅಲ್ಲ, ಹೊಸದೇ ಬಂತು. ಮೊದಲ ದಿನ ತಿರುವು ಬಂದದ್ದೇ ತಡ, ಎಲ್ಲರೂ ಎದ್ದು ನಿಂತರು.

"ಕೂತ್ಕೊಳ್ರಪ್ಪಾ, ಇದು ಹತ್ತುತ್ತೆ."

"ಹತ್ತಿಸ್ಕೊಂಡು ಹೋಗಮ್ಮ, ನಮ್ಮ ಮಾತಿನ್ನೂ ಮುಗಿದಿಲ್ಲ" ಎನ್ನುತ್ತ ಮೇಷ್ಟ್ರು ಇಳಿದೇಬಿಟ್ಟರು. ಉಳಿದವರೂ ಅವರ ಹಿಂದೆ.

ಹೊಸ ಬಸ್ಸು ಅಜ್ಜಿಯೊಬ್ಬರನ್ನೇ ಕೂರಿಸಿಕೊಂಡು, ಸಲೀಸಾಗಿ ಏರಿತು. ಗೇರಕ್ಕ ಮೇಲೆ ನಿಲ್ಲಿಸಿ, ಕನ್ನಡಿಯಲ್ಲಿ ಮೆಟ್ಟಿಲ ಕಡೆಗೊಂದು ಕಣ್ಣಿಟ್ಟು, ಬುತ್ತಿ ಬಿಚ್ಚಿದಳು.