ಮೊದಲು ಹೊಗಳಿಕೆ, ಆಮೇಲೆ ದೃಷ್ಟಿ

ಅಕ್ಕಾರ ಬಲಗೈಯ ಕಿರುಬೆರಳು ಡೊಂಕಾಗಿತ್ತು. ಚಹಾದ ಕಪ್ಪು ಹಿಡಿದರೆ ಉಳಿದ ಬೆರಳೆಲ್ಲ ಒಳಗೆ, ಅದೊಂದು ಮಾತ್ರ ಮುನಿಸಿಕೊಂಡಂತೆ ಹೊರಗೆ. ಬೆಟಗೇರಿಯ ನಮ್ಮ ಮನೆಗೆ ಅವರು ಮೊದಲ ಸಲ ಬಂದಾಗ ನನ್ನ ಮಗಳು ನೋಡಿದ್ದು ಅವರ ಮುಖವನ್ನಲ್ಲ, ಆ ಬೆರಳನ್ನು.

ಮುಂಡರಗಿ ರಸ್ತೆಯಲ್ಲಿ ಅಪಘಾತವಾಗಿ ಅಪ್ಪ ಹೋದ ಮೇಲೆ ಅವಳು ಮಾತು ಬಿಟ್ಟಿದ್ದಳು. ಮೂರನೇ ಇಯತ್ತೆಯ ಹುಡುಗಿ. ಗಂಟಲಿಗೆ ಏನೂ ಆಗಿಲ್ಲ ಅಂದರು ಡಾಕ್ಟರು. ಹೀಗೇ ಇದ್ದರೆ ಮುಂದಿನ ವರ್ಷ ಬೇರೆ ಕಡೆ ನೋಡಿಕೊಳ್ಳಿ ಅಂದರು ಶಾಲೆಯವರು. ಕೊನೆಗೆ ಡಾಕ್ಟರೇ ಈ ಅಕ್ಕಾರನ್ನು ಕಳಿಸಿದರು. ನೊಂದ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದೇ ಅವರ ಕೆಲಸ.

ನಾನು ದೂರಿನ ಗಂಟು ಬಿಚ್ಚಿದೆ. ಉಣ್ಣುವುದಿಲ್ಲ, ಹಾಸಿಗೆ ಒದ್ದೆ ಮಾಡುತ್ತಾಳೆ, ಕರೆದರೆ ತಿರುಗಿಯೂ ನೋಡುವುದಿಲ್ಲ. ಅಕ್ಕಾರು ಪೂರ್ತಿ ಕೇಳಿ, "ಆತು. ಈಗ ಅಕಿ ಏನ್ ಛಲೋ ಮಾಡ್ತಾಳ, ಅದನ್ನ ಹೇಳ್ರಿ," ಎಂದರು.

ನಾನು ಅತ್ತೆಯ ಕಡೆ ನೋಡಿದೆ. ಅತ್ತೆಗೆ ಸಿಟ್ಟು ಬಂತು. "ಕೂಸಿನ ಮುಂದ ಕೂಸಿನ್ನ ಹೊಗಳ್ತಾರೇನ್ರಿ? ದೃಷ್ಟಿ ಆಗತೈತಿ! ಅಪ್ಪನ್ನ ಕಳಕೊಂಡಿದ್ದು ಸಾಲದೇನು?"

ನಮ್ಮ ಕಡೆ ಮಗು ಎಷ್ಟೇ ಚೆಂದವಿರಲಿ, ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟು 'ಮಂಗ್ಯಾ' ಎಂದೇ ಮುದ್ದಿಸುವುದು. ಅಕ್ಕಾರು ಬುದ್ಧಿ ಹೇಳುತ್ತಾರೆ, ಅತ್ತೆ ಎದ್ದು ಹೋಗುತ್ತಾರೆ ಎಂದು ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅಕ್ಕಾರು ನಕ್ಕುಬಿಟ್ಟರು. "ಖರೆ ಐತಿ ಬಿಡ್ರಿ, ಅವ್ವಾರ. ಮೊದಲ ಹೊಗಳ್ರಿ, ಆಮ್ಯಾಲೆ ದೃಷ್ಟಿ ತಗೀರಿ. ಎರಡೂ ಆಗಲಿ."

ಅಂದಿನಿಂದ ಅಕ್ಕಾರು ಬರುವ ಪ್ರತಿ ಗುರುವಾರ ಅದೇ ನಡೆಯಿತು. ಮಗಳ ಎದುರೇ ಅವಳದೊಂದು ಒಳ್ಳೆಯದನ್ನು ನಾವು ಹೇಳುವುದು, ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ಎಲ್ಲರೂ ಕೆಮ್ಮುವುದು. ಹೇಳಲು ಏನಾದರೂ ಬೇಕಲ್ಲ, ಅದಕ್ಕಾಗಿ ವಾರವಿಡೀ ಮಗಳನ್ನು ನೋಡತೊಡಗಿದೆ. ಒಂದು ಗುರುವಾರ ಅತ್ತೆ, "ನನ್ನ ಮಗ ಹಾಕತಿದ್ದಂಗ ತುಳಸಿಗಿ ನೀರು ಹಾಕ್ತಾಳ," ಎಂದವರೇ ಅತ್ತುಬಿಟ್ಟರು. ನನ್ನ ಗಂಡ ಹೋದ ಮೇಲೆ ಮನೆಯಲ್ಲಿ ಅವರ ಮಾತೆತ್ತಿದ್ದು ಅದೇ ಮೊದಲು. ಮಗಳು ಎದ್ದು ಬಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ನಾನು ಏನೋ ಕೇಳಲು ಹೋದೆ. ಅಕ್ಕಾರು ಬೇಡವೆಂದು ನನ್ನ ಕೈ ಒತ್ತಿದರು. ಶಾಲೆಗೂ ಹೋಗಿ, ಹುಡುಗಿಗೆ ಮಾತಾಡೆಂದು ಒತ್ತಾಯ ಮಾಡಬೇಡಿ, ಸ್ವಲ್ಪ ಕಾಯಿರಿ ಎಂದು ಹೇಳಿ ಬಂದರು.

ಆ ಮಳೆಗಾಲದಲ್ಲೇ ಅಕ್ಕಾರು ತೀರಿಕೊಂಡರು. ಹೃದಯಾಘಾತವಂತೆ. ಫೋನಿನಲ್ಲಿ ಸುದ್ದಿ ಬಂತು. ಇನ್ನೊಂದು ಸಾವನ್ನು ಈ ಕೂಸಿಗೆ ಯಾವ ಬಾಯಿಂದ ಹೇಳಲಿ? ಊರಿಗೆ ಹೋಗಿದ್ದಾರೆ ಎನ್ನಲೇ? ಆದರೆ "ಕೂಸಿಗಿ ಸುಳ್ಳು ಹೇಳಬ್ಯಾಡ್ರಿ, ಅದಕ್ಕ ಎಲ್ಲಾ ತಿಳೀತೈತಿ," ಎಂದವರು ಅವರೇ. ಹೇಳಿದೆ. ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಮುಗಿಯಿತು, ಇನ್ನು ಇವಳು ಬಾಯಿ ತೆರೆಯುವುದಿಲ್ಲ ಎಂದುಕೊಂಡೆ.

ಗುರುವಾರ ಬಂತು. ಅಕ್ಕಾರು ಬರುತ್ತಿದ್ದ ಹೊತ್ತಿಗೆ ಮಗಳು ತಾನೇ ಚಾಪೆ ಹಾಸಿ, ನಮ್ಮಿಬ್ಬರನ್ನೂ ಕೈಹಿಡಿದು ಎಳೆದು ಕೂಡಿಸಿದಳು. ಚಹಾದ ಕಪ್ಪು ಎತ್ತಿಕೊಂಡಳು, ಕಿರುಬೆರಳು ಹೊರಗೆ.

"ಅಕ್ಕಾರು," ಎಂದಳು. ದನಿ ಒಡೆದಿತ್ತು. "ಅಕ್ಕಾರು ನನಗ ಮಾತಾಡು ಅಂತ ಒಮ್ಮಿನೂ ಅನ್ಲಿಲ್ಲ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅತ್ತೆ ರೂಢಿಯಂತೆ ಎದ್ದು ಉಪ್ಪಿನ ಡಬ್ಬಿಗೆ ಕೈ ಹಾಕಿದರು. ಮುಷ್ಟಿಯಲ್ಲಿ ಉಪ್ಪು ಹಿಡಿದು ಹಾಗೇ ನಿಂತರು. ಹೊಗಳಿಸಿಕೊಂಡವರು ಅಲ್ಲಿರಲಿಲ್ಲ.