ಫ್ರೇಮ್ ಆರಿಸುವ ಅಕ್ಕ

ಕನ್ನಡಕದ ಅಂಗಡಿಯ ಕನ್ನಡಿಯಷ್ಟು ನಿರುಪಯೋಗಿ ವಸ್ತು ನನ್ನಂಥವರ ಪಾಲಿಗೆ ಇನ್ನೊಂದಿಲ್ಲ. ನಿಮ್ಮ ದೃಷ್ಟಿ ಚೆನ್ನಾಗಿದ್ದರೆ ಈ ಸಂಕಟ ತಿಳಿಯಲಾರದು, ಅದಕ್ಕೇ ಹೇಳುತ್ತೇನೆ. ಹೊಸ ಫ್ರೇಮ್ ಹಾಕಿ ನೋಡಬೇಕಾದರೆ ಹಳೆಯ ಕನ್ನಡಕ ತೆಗೆಯಬೇಕು. ತೆಗೆದ ಕೂಡಲೇ ಎದುರಿನ ಕನ್ನಡಿಯಲ್ಲಿ ಉಳಿಯುವುದು ಗೋಧಿಬಣ್ಣದ ಒಂದು ಮಸುಕು, ಅದರ ನಡುವೆ ಕಪ್ಪಗೆ ಏನೋ ಒಂದು ಅಡ್ಡಗೆರೆ. ಆ ಗೆರೆ ನನಗೆ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ನನ್ನೊಬ್ಬಳನ್ನು ಬಿಟ್ಟು ಅಂಗಡಿಯಲ್ಲಿರುವ ಯಾರು ಬೇಕಾದರೂ ಹೇಳಬಲ್ಲರು. ಹೀಗಾಗಿ ಮೈನಸ್ ಏಳರ ಕಣ್ಣಿನವರು ಫ್ರೇಮ್ ಕೊಳ್ಳಲು ಒಂಟಿಯಾಗಿ ಹೋಗುವಂತಿಲ್ಲ. ಎರವಲು ಕಣ್ಣೊಂದನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.

ನನ್ನ ಎರವಲು ಕಣ್ಣು ನಮ್ಮಕ್ಕ. ಬೋರ್ಡಿನ ಮೇಲೆ ಬರೆದದ್ದನ್ನು ನಾನು ಬರೀ ಊಹೆಯಿಂದ ನಕಲು ಮಾಡುತ್ತಿದ್ದೇನೆಂದು ಎರಡನೆಯ ತರಗತಿಯ ಟೀಚರ್ ಪತ್ತೆ ಹಚ್ಚಿದಂದಿನಿಂದ ಇಂದಿನವರೆಗೆ ನನ್ನ ಮೂಗಿನ ಮೇಲೆ ಕುಳಿತ ಪ್ರತಿಯೊಂದು ಫ್ರೇಮೂ ಅವಳ ಆಯ್ಕೆಯೇ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ವಿಜಯನಗರದ ಅಂಗಡಿಗೆ ಇಬ್ಬರೂ ನಡೆದು ಹೋಗುತ್ತಿದ್ದೆವು. ಮದುವೆಗೆ ಸೀರೆ ಆರಿಸುವವರ ಗಾಂಭೀರ್ಯದಿಂದ ಅವಳು ದೂರ ನಿಂತು, ತಲೆ ವಾಲಿಸಿ ನನ್ನನ್ನು ನೋಡುವಳು. "ಬೇಡ, ಹೆಡ್ಮಿಸ್ ಥರ ಕಾಣ್ತೀಯ" ಎನ್ನುವಳು. "ಇದೂ ಬೇಡ ಕಣೇ, ಮೂಗೇ ಮಾಯ ಆಗೋಯ್ತು" ಎನ್ನುವಳು. ಕೊನೆಗೆ ಯಾವುದೋ ಒಂದಕ್ಕೆ ಏನೂ ಅನ್ನದೆ ಸುಮ್ಮನಾಗುವಳು. ಆ ಮೌನವೇ ತೀರ್ಪು. ಆಮೇಲೆ ಪಕ್ಕದ ದರ್ಶಿನಿಯಲ್ಲಿ ನಿಂತುಕೊಂಡು ಒಂದು ಕಾಫಿಯನ್ನು ಬೈಟೂ ಮಾಡಿಕೊಂಡು ಕುಡಿಯುವಾಗ ಅವಳ ಕಾಲೇಜಿನ ಗುಟ್ಟುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ಅಕ್ಕ ಈಗ ಮಲ್ಲತ್ತಹಳ್ಳಿಯ ಕೆರೆಯ ಹತ್ತಿರ ಮನೆ ಮಾಡಿಕೊಂಡಿದ್ದಾಳೆ. ನಾನು ಮದುವೆಯಾದ ಮೇಲೂ ಇದೇ ಗೋವಿಂದರಾಜನಗರದಲ್ಲಿದ್ದೇನೆ. ಒಂದು ಆಟೋದ ದಾರಿ, ಅಷ್ಟೇ. ನಮ್ಮ ನಡುವೆ ಜಗಳವಿಲ್ಲ. ಜಗಳವಿದ್ದಿದ್ದರೆ ರಾಜಿ ಮಾಡಿಸಲು ಯಾರಾದರೂ ದೊಡ್ಡವರು ಮುಂದೆ ಬರುತ್ತಿದ್ದರು. ಅಮ್ಮ ಇರುವವರೆಗೆ ಹಬ್ಬಕ್ಕೆ ಒಂದು ಮನೆಯಿತ್ತು. ಈಗ ಅವಳಿಗೆ ಮಕ್ಕಳ ಪರೀಕ್ಷೆ, ನನಗೆ ಆಫೀಸು, ಇಬ್ಬರಿಗೂ ಟ್ರಾಫಿಕ್ಕು. "ಬರ್ತೀನಿ ಇರು" ಎಂದು ಫೋನಿನಲ್ಲಿ ಹೇಳಿಕೊಂಡೇ ವರ್ಷಗಳು ಕಳೆದುಹೋಗುತ್ತವೆ. ಆದರೆ ನನ್ನ ಪವರ್ ಬದಲಾದಾಗ ಮಾತ್ರ ಅವಳು ಎಲ್ಲವನ್ನೂ ಬದಿಗಿಟ್ಟು ಬಂದೇ ಬರುತ್ತಾಳೆ. ನನ್ನ ಯಜಮಾನರು ಒಮ್ಮೆ ತಾವೇ ಬರುತ್ತೇನೆಂದು ಹೊರಟರು, ಅವರಿಗೆ ಪ್ರತಿಯೊಂದು ಫ್ರೇಮೂ "ಚೆನ್ನಾಗಿದೆ ಕಣೇ." ಅಂಥ ಒಳ್ಳೆಯ ಮನುಷ್ಯರಿಂದ ಅಂಗಡಿಯಲ್ಲಿ ಏನೂ ಪ್ರಯೋಜನವಿಲ್ಲ.

ಕಳೆದ ಸಲ ಅಂಗಡಿಯಾತ ಫ್ರೇಮ್ ಒರೆಸುತ್ತಾ, "ಮೇಡಂ, ಇದನ್ನ ಹಾಕ್ಕೊಂಡು ಮೊಬೈಲಲ್ಲಿ ಒಂದು ಫೋಟೋ ತಕ್ಕೊಳಿ, ಆಮೇಲೆ ನಿಮ್ ಕನ್ನಡಕ ಹಾಕ್ಕೊಂಡು ನೋಡ್ಕೊಳಿ. ಯಾರೂ ಬೇಕಾಗಲ್ಲ" ಎಂದ. ನಾನು ಕೇಳಿಸದವಳಂತೆ ಇನ್ನೊಂದು ಫ್ರೇಮಿಗೆ ಕೈ ಚಾಚಿದೆ. ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ ಕೇಳಿಸಿತೋ ಇಲ್ಲವೋ, ಅವಳೂ ಮತ್ತೊಂದು ಫ್ರೇಮ್ ಎತ್ತಿ ಕೊಟ್ಟಳು.

ಹೀಗಿರುವಾಗ ಆಫೀಸಿನ ಕಿರಿಯ ಸಹೋದ್ಯೋಗಿಯೊಬ್ಬಳು ಕನ್ನಡಕವೇ ಬೇಡವಾಗುವಂತೆ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದಳು. "ಎದ್ದ ತಕ್ಷಣ ಫ್ಯಾನಿನ ರೆಕ್ಕೆ ಕಾಣ್ಸುತ್ತೆ ಮೇಡಂ" ಎಂದಳು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ. ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಹಬೆಗೆ ಕುರುಡಿಯಾಗುವ, ಸ್ಕೂಟರಿನಲ್ಲಿ ತುಂತುರು ಹನಿಗೆ ರಸ್ತೆಬದಿ ಹುಡುಕುವ ಬಾಳಿನಿಂದ ಬಿಡುಗಡೆ ಯಾರಿಗೆ ಬೇಡ? ಆಸೆ ಎಷ್ಟು ದೊಡ್ಡದಿತ್ತೋ, ಅದರ ಬೆನ್ನಿಗೇ ಬಂದ ಭಯವೂ ಅಷ್ಟೇ ದೊಡ್ಡದಿತ್ತು. ಕಣ್ಣಿಗೆ ಏನಾದರೂ ಆದೀತೆಂಬ ಭಯವಲ್ಲ ಅದು. ಕನ್ನಡಕ ಹೋದರೆ ಅಕ್ಕನೂ ಹೋಗುತ್ತಾಳೆ ಎಂಬ ಭಯ.

ಆದರೂ ಆಸೆಯೇ ಗೆದ್ದು ಕಣ್ಣಿನ ಆಸ್ಪತ್ರೆಗೆ ಫೋನು ಮಾಡಿದೆ. ಪರೀಕ್ಷೆಗೆ ಬರುವ ದಿನ ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಅಗಲಿಸುತ್ತಾರೆ, ಜೊತೆಗೆ ಒಬ್ಬರು ಇರಬೇಕು ಎಂದರು. ಯಾರನ್ನು ಕರೆದೆನೆಂದು ಹೇಳಬೇಕಾಗಿಲ್ಲ. ಡಾಕ್ಟರು ಯಂತ್ರಗಳ ಮುಂದೆ ನನ್ನ ಗದ್ದವನ್ನು ಇಡಿಸಿ ಇಡಿಸಿ ನೋಡಿ, "ಕಾರ್ನಿಯಾ ಗಟ್ಟಿಯಾಗಿದೆ, ಮಾಡಬಹುದು. ಆದ್ರೆ ವಯಸ್ಸು ನಲವತ್ತರ ಹತ್ರ ಬಂತು, ಮುಂದೆ ಓದೋಕೆ ಕನ್ನಡಕ ಬೇಕಾಗ್ಬಹುದು. ಯೋಚ್ನೆ ಮಾಡಿ ಹೇಳಿ" ಎಂದರು. ನಾನು ಅಕ್ಕನ ಕಡೆ ತಿರುಗಿದೆ. ಫ್ರೇಮುಗಳ ವಿಷಯದಲ್ಲಿ ಅಷ್ಟು ಸತಾಯಿಸುವವಳು ಇಲ್ಲಿ ಒಂದು ಕ್ಷಣವೂ ತಡೆಯದೆ, "ಮಾಡಿಸ್ಕೋ" ಎಂದುಬಿಟ್ಟಳು. ಬೇಡ ಎನ್ನಲೆಂದೇ ನಾನು ಅವಳನ್ನು ಕರೆದುಕೊಂಡು ಹೋಗಿದ್ದೆನೇನೋ.

ವಾಪಸು ಬರುವಾಗ ಆಟೋದಲ್ಲಿ ಬಿಸಿಲು ಕಣ್ಣಿಗೆ ಇರಿಯುತ್ತಿತ್ತು. ಆ ಔಷಧಿಯ ಗುಣವೇ ಅಂಥದು: ದೂರದ ಮರಗಳು ಕಾಣುತ್ತವೆ, ಹತ್ತಿರದ್ದು ಕನ್ನಡಕ ಹಾಕಿದರೂ ಕರಗಿಹೋಗುತ್ತದೆ. ಭುಜಕ್ಕೆ ಭುಜ ತಾಗಿಸಿ ಕುಳಿತ ಅಕ್ಕನ ಮುಖ ನನಗೆ ಕಾಣುತ್ತಿರಲಿಲ್ಲ. ಬಹುಶಃ ಅದರಿಂದಲೇ ಬಾಯಿ ಬಂತು.

"ಆಮೇಲೆ ನಿನ್ನ ಯಾವುದಕ್ಕೆ ಅಂತ ಕರೀಲಿ ಅಕ್ಕ?"

ಅವಳು, "ಸುಮ್ನೆ ಕರಿ" ಎಂದಳು.

"ಸುಮ್ನೆ ಕರೆದ್ರೆ ನೀನು ಬರಲ್ಲ. ನಾನೂ ಬರಲ್ಲ."

"ಹೂಂ, ಬರಲ್ಲ" ಎಂದು ಒಪ್ಪಿಕೊಂಡಳು. ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳನ್ನು ದಾಟಿದ ಮೇಲೆ ಮತ್ತೆ ಅವಳೇ, "ಒಂದು ವಾರ ತಲೆಗೆ ನೀರು ಹಾಕೋ ಹಾಗಿಲ್ವಂತೆ, ಗಂಟೆಗೊಂದ್ಸಲ ಡ್ರಾಪ್ಸ್ ಹಾಕ್ಬೇಕಂತೆ. ನಿಮ್ಮನೇಲಿದ್ರೆ ನೀನು ಸುಮ್ನಿರಲ್ಲ, ಒಲೆ ಮುಂದೆ ನಿಂತ್ಕೋತೀಯ. ನಮ್ಮನೇಲೇ ಇರು. ನನ್ ರೂಮಲ್ಲೇ ಮಲಗು" ಎಂದಳು.

ಆ ಮಾತಿಗೆ ನನಗೆ ಎಂದೂ ಹೊಳೆಯದಿದ್ದ ಒಂದು ವಿಷಯ ಹೊಳೆಯಿತು. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ನಮ್ಮಿಬ್ಬರಲ್ಲಿ ದಿನಾ ಬೆಳಿಗ್ಗೆ ಎಬ್ಬಿಸುತ್ತಿದ್ದವಳು ಅವಳು. ನಾನು ಕಣ್ಣು ಬಿಟ್ಟಾಗ ನನ್ನ ಮೇಲೆ ಬಾಗಿರುತ್ತಿದ್ದುದು ಒಂದು ದನಿ, ಕೊಬ್ಬರಿ ಎಣ್ಣೆಯ ವಾಸನೆ, ಮತ್ತು ಕಣ್ಣು ಮೂಗಿಲ್ಲದ ಒಂದು ಮಸುಕು. ನಾನು ದಿಂಬಿನ ಪಕ್ಕ ತಡಕಾಡಿ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಿದ್ದಳು. ನನ್ನನ್ನು ಎಬ್ಬಿಸುವಾಗ ಆ ಮುಖದಲ್ಲಿ ಏನಿರುತ್ತಿತ್ತೋ, ಸಿಟ್ಟೋ, ನಗೆಯೋ, ನಾನು ಒಂದು ದಿನವೂ ನೋಡಲಿಲ್ಲ. ಆ ಎಳೆಯ ಮುಖ ಇನ್ನು ಯಾವ ಲೇಸರಿಗೂ ಸಿಗುವುದಿಲ್ಲ.

ಮನೆ ತಲುಪುವ ಮುಂಚೆಯೇ ಆಸ್ಪತ್ರೆಗೆ ಫೋನು ಮಾಡಿಸಿ ದಿನ ಗೊತ್ತು ಮಾಡಿಕೊಂಡೆ. ನಂಬರು ನನಗೆ ಕಾಣದ್ದರಿಂದ ಒತ್ತಿಕೊಟ್ಟವಳು ಅಕ್ಕನೇ. ಯಾಕೆ ಇಷ್ಟು ಅವಸರ ಎಂದು ಕೇಳಿದಳು. ಹೇಳಲಿಲ್ಲ. ನಿಮಗೆ ಹೇಳುತ್ತೇನೆ: ಅವಳ ತಲೆ ಈಗ ಅರ್ಧ ನರೆತಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ, ಇರಲಿ. ಒಂದು ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಬೇಕು, ನಾನು ಕಣ್ಣು ಬಿಟ್ಟ ಕೂಡಲೇ ಅವಳನ್ನು ನೋಡಬೇಕು.