ಬೀಗರೂಟದ ಮೊದಲ ಪಂಕ್ತಿ

ನಮ್ಮ ಟೀಚರಮ್ಮನಿಗೆ ಸಿಟ್ಟು ಬಂದರೆ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು. ಧ್ವನಿ ಏರುತ್ತಿರಲಿಲ್ಲ, ತಗ್ಗುತ್ತಿತ್ತು. ಕಿವಿಗೊಟ್ಟು ಕೇಳಬೇಕಾದಷ್ಟು ಮೆತ್ತಗೆ ಮಾತಾಡಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ. ಗಿಡ್ಡ ಆಳು, ಬೋರ್ಡಿನ ಮೇಲ್ತುದಿ ಎಟುಕುತ್ತಿರಲಿಲ್ಲ. ಸೆರಗಿಗೆ ಸದಾ ಸೀಮೆಸುಣ್ಣ.

ಹೊಸೂರಿನಿಂದ ಒಂದಿಷ್ಟು ಒಳಗೆ ನಮ್ಮ ಹಳ್ಳಿ. ಟೀಚರಮ್ಮ ನಮ್ಮ ಕೇರಿಯವರೇ, ನಮ್ಮ ಪಕ್ಕದ ಮನೆ. ನಾವೆಂದರೆ ಊರಿನ ಮದುವೆಗಳಲ್ಲಿ ಪಾತ್ರೆ ತೊಳೆಯಲು ಬೇಕಾದವರು, ಪಂಕ್ತಿಗೆ ಬೇಡವಾದವರು. ಊರವರೆಲ್ಲ ಉಂಡೆದ್ದ ಮೇಲೆ ಕೊಟ್ಟಿಗೆಯ ಹಿಂದೆ ನಮಗೆ ಬಡಿಸುತ್ತಿದ್ದರು. ತಟ್ಟೆ ಮನೆಯಿಂದಲೇ ತರಬೇಕು. ನಾನೂ ಅಲ್ಲಿ ಕಾದು ಕೂತವಳೇ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಅಮೆರಿಕದ ಅರವತ್ತರ ದಶಕಕ್ಕೆ ಒಂದೇ ಪ್ಯಾರಾ ಇತ್ತು. ಟೀಚರಮ್ಮ ಅದನ್ನೇ ವಾರವಿಡೀ ಹೇಳಿದರು. ಅಲ್ಲಿಯ ಕಪ್ಪು ಜನ ಬಸ್ಸಿನಲ್ಲಿ ಎಲ್ಲಿ ಕೂರಬೇಕಿತ್ತು, ಮಕ್ಕಳು ಯಾವ ಶಾಲೆಗೆ ಹೋಗಬೇಕಿತ್ತು, ಎಲ್ಲ ಕೇರಿಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. “ಬಿಳಿಯರ ಅಂಗಡೀಲಿ ಅವರು ಸೋಪು ತಗೊಂಬೋದು, ಬಾಚಣಿಗೆ ತಗೊಂಬೋದು. ಅವರ ಕಾಸಿಗೆ ಮೈಲಿಗೆ ಇಲ್ಲ. ಕೂತ್ಕೊಂಡು ಕಾಫಿ ಕೇಳುದ್ರೆ ಮಾತ್ರ ಮೈಲಿಗೆ!” ಆ ಕಪ್ಪು ಜನರ ಕಾಲೇಜು ಹುಡುಗರು ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿ ಅಲ್ಲೇ ಕೂತರಂತೆ. ತಲೆಯ ಮೇಲೆ ಸಕ್ಕರೆ ಸುರಿದರೂ ಏಳಲಿಲ್ಲವಂತೆ.

“ಎದ್ದು ನಾಕು ಬಾರಿಸ್ಬೇಕಿತ್ತು ಮಿಸ್” ಎಂದೆ ನಾನು.

“ಹೊಡೆದ್ರೆ ಅವರಿಗೆ ಒಂದಿನ ನೋವು ಕಣಮ್ಮಿ. ಎದುರಿಗೇ ಕೂತ್ರೆ ದಿನಾ ಉರಿ” ಎಂದರು.

ಆ ವರ್ಷವೇ ದೊಡ್ಡಮನೆಯ ಯಜಮಾನನ ಮಗಳ ಮದುವೆಯಾಯಿತು. ಗಂಡಿನ ಕಡೆಯವರಿಗೆ ಬೀಗರೂಟ. ಶಾಲೆಯ ಮೇಷ್ಟ್ರುಗಳಿಗೆಲ್ಲ ಮೊದಲ ಪಂಕ್ತಿಗೆ ಕರೆ ಬಂತು. ಟೀಚರಮ್ಮನಿಗೆ ಮಾತ್ರ ಯಜಮಾನ ಬೇರೆ ಥರ ಹೇಳಿದ: “ನೀವ್ಯಾಕೆ ಬಿಸಿಲಲ್ಲಿ ಬತ್ತೀರ ಟೀಚರಮ್ಮ, ಕ್ಯಾರಿಯರ್‌ನಾಗೆ ಮನೆಗೇ ಕಳಿಸ್ತೀನಿ.”

“ಇಲ್ಲ ಯಜಮಾನ್ರೆ, ನಾನೇ ಬತ್ತೀನಿ” ಎಂದು ಮೆತ್ತಗೆ ಹೇಳಿದರು. ಹುಬ್ಬು ಏರಿದ್ದನ್ನು ಅವನು ನೋಡಲಿಲ್ಲ.

ಅವತ್ತು ಹಸಿರು ರೇಷ್ಮೆ ಸೀರೆಯುಟ್ಟು ಬಂದು ಹೆಡ್‌ಮೇಷ್ಟ್ರ ಪಕ್ಕ, ಸರಿಯಾಗಿ ಬೀಗರ ಎದುರಿಗೆ ಚಾಪೆಯ ಮೇಲೆ ಕೂತುಬಿಟ್ಟರು. ನಾನೂ ಅಮ್ಮನೂ ಪಾತ್ರೆ ತೊಳೆಯುವುದನ್ನು ಬಿಟ್ಟು ಶಾಮಿಯಾನದ ಪರದೆಯ ಸಂದಿಯಿಂದ ನೋಡಿದೆವು. ಬಡಿಸುವವರು ಸಾಲಾಗಿ ಬಂದರು. ಟೀಚರಮ್ಮನ ಎಲೆಯ ಹತ್ತಿರ ಬಂದಾಗ ಕಾಣದವರ ಹಾಗೆ ದಾಟಿಹೋದರು. ಮುದ್ದೆ ಬರಲಿಲ್ಲ, ಸಾರೂ ಬರಲಿಲ್ಲ. ಅವರು ಎದ್ದುಹೋಗಲಿ ಎಂದೇ ಲೆಕ್ಕ. ಅವರು ಅಲ್ಲಾಡಲಿಲ್ಲ.

ನಮ್ಮ ಸೀಮೆಯಲ್ಲಿ ಪಂಕ್ತಿಯ ಒಂದು ಎಲೆ ಬರಿದಾಗಿದ್ದರೂ ಉಳಿದವರು ಕೈ ಇಡುವ ಹಾಗಿಲ್ಲ. ಯಜಮಾನ ಈ ಶಾಸ್ತ್ರದಲ್ಲಿ ಬಲು ಬಿಗಿ. ಅಭ್ಯಾಸಬಲದಿಂದ ಅವನೇ ಕೂಗಿದ, “ಎಲ್ಲಾ ಎಲೆಗೂ ಬಿತ್ತೇನ್ಲಾ?”

“ಈ ಟೀಚರಮ್ಮನೋರ ಎಲೆ ಖಾಲಿ ಐತಲ್ಲ ಬೀಗರೇ” ಎಂದರು ಗಂಡಿನ ತಂದೆ. ಅವರು ಕೃಷ್ಣಗಿರಿ ಕಡೆಯವರು, ನಮ್ಮೂರಿನ ಒಳಮಾತು ತಿಳಿಯದವರು. “ನಾವೆಂಗೆ ಕೈ ಹಾಕಾದು?”

ಯಜಮಾನ ಸಿಕ್ಕಿಬಿದ್ದ. ಹೊಸ ಬೀಗರ ಮುಂದೆ ಕಾರಣ ಹೇಳಿದರೆ, ಕೀಳಾದವಳನ್ನು ನಿಮ್ಮ ಎದುರಿಗೇ ಕೂರಿಸಿದ್ದೇನೆ ಎಂದು ಒಪ್ಪಿಕೊಂಡ ಹಾಗೆ. ಸಾರು ಆರುತ್ತಿತ್ತು. ಹೆಡ್‌ಮೇಷ್ಟ್ರು ತಲೆ ಬಗ್ಗಿಸಿ ಎಲೆಯ ನರ ಎಣಿಸುತ್ತಿದ್ದರು. ಕೊನೆಗೆ ಯಜಮಾನ ತಾನೇ ಮುದ್ದೆಯ ತಟ್ಟೆ ತಂದು, ಬಗ್ಗಿ, ಬಡಿಸಿದ. ಆ ಬಗ್ಗಿದ ಬೆನ್ನು ನೋಡಿ ನನಗಾದ ಖುಷಿಯನ್ನು ಬಚ್ಚಿಡುವುದಿಲ್ಲ. ಇಂದಿಗೂ ಬೇಸರವಾದಾಗ ಅದನ್ನೇ ನೆನೆಯುತ್ತೇನೆ.

ಟೀಚರಮ್ಮ ಅಲ್ಲಿಗೂ ಬಿಡಲಿಲ್ಲ. “ಇನ್ನೊಂದು ಹಾಕಿ ಯಜಮಾನ್ರೆ” ಎಂದರು. ಅದಾದ ಮೇಲೆ ಮತ್ತೊಂದು. ಮನೆಯಲ್ಲಿ ಅರ್ಧ ಮುದ್ದೆಗೇ ಸಾಕೆನ್ನುವ ಹೆಂಗಸು! ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ನಾನು ಜೀರಿಗೆ ನೀರು ಕೊಟ್ಟೆ.

“ಯಾಕೆ ಮಿಸ್ ಅಷ್ಟು ತಿಂದ್ರಿ?”

“ಒಂದು ನಂದು ಕಣೆ. ಒಂದು ನಮ್ಮಮ್ಮಂದು, ಇನ್ನೊಂದು ನಮ್ಮಜ್ಜೀದು. ಕೊಟ್ಟಿಗೆ ಹಿಂದೆ ಕಾದೂ ಕಾದೂ ಸತ್ರು.”

ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಬೆಟ್ಟದ ಕಡೆಯ ಶಾಲೆಗೆ ಟ್ರಾನ್ಸ್‌ಫರ್ ಆಯಿತು. ಯಾರ ಕೈವಾಡವೆಂದು ಊರಿಗೇ ಗೊತ್ತಿತ್ತು. ನಿವೃತ್ತಿಯವರೆಗೂ ಬಸ್ಸು ಬದಲಿಸಿ ಬದಲಿಸಿ ಓಡಾಡಿದರು, ಕಾಲು ಊದಿಸಿಕೊಂಡರು. ಸಕ್ಕರೆ ಕಾಯಿಲೆ ಅಂಟಿತು. “ಹೋಗಲಿ, ಕ್ಷಮಿಸಿಬಿಡಿ” ಎಂದು ಯಾರಾದರೂ ಅಂದರೆ ನಗುತ್ತಿದ್ದರು. “ಅವರು ಕೇಳ್ಲಿ ಮೊದ್ಲು. ಕೇಳ್ದೇ ಇರೋರಿಗೆ ನಾನ್ಯಾಕೆ ಕೊಡ್ಲಿ?” ನನಗೆ ಬೆನ್ನೆಲುಬು ಕೊಟ್ಟವರು ಅವರು. ಹೊಸೂರಿನ ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಎದುರು ನಾನು ತಲೆಯೆತ್ತಿ ಮಾತಾಡುವುದು ಅವರಿಂದ ಕಲಿತದ್ದು.

ಹೋದ ವರ್ಷ ಟೀಚರಮ್ಮ ತೀರಿಕೊಂಡರು. ಯಜಮಾನ ಹಾರ ಹಿಡಿದು ಕೇರಿಗೆ ಬಂದ. ಅವನ ಮಗ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುವವನಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಬಂದವರಿಗೆ ನಮ್ಮ ಮನೆಯಿಂದ ಕಾಫಿ ತಂದುಕೊಡುತ್ತಿದ್ದೆ. ಅವನಿಗೂ ಲೋಟ ಹಿಡಿದೆ.

“ಈಗ್ತಾನೆ ಕುಡ್ದೆ ಕಣಮ್ಮ” ಎಂದ.

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೇರಿಯೆಲ್ಲ ನೋಡುತ್ತಿತ್ತು. ಕೊನೆಗೆ ತೆಗೆದುಕೊಂಡು ಕುಡಿದ. ಲೋಟ ವಾಪಸು ಕೊಡುತ್ತ, “ಹಳೇದೆಲ್ಲ ಮರ್ತ್‌ಬುಡಮ್ಮ” ಎಂದ.

“ತಪ್ಪಾಯ್ತು ಅನ್ನಿ, ಅವರ ಮುಂದೆ” ಎಂದು ಟೀಚರಮ್ಮನ ಕಡೆ ತೋರಿಸಿದೆ.

ಅವನು ಹಾರವನ್ನು ಪಾದದ ಹತ್ತಿರ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾನು ಹಾರ ಎತ್ತಿಕೊಂಡು ಅವನ ಹಿಂದೆಯೇ ಹೋಗಿ ಕೈಗೆ ವಾಪಸು ಕೊಟ್ಟು ಬಂದೆ. ಆಮೇಲೆ ಟೀಚರಮ್ಮನ ಪಕ್ಕ ಕೂತು ಜೋರಾಗಿ ಅತ್ತೆ.